ಕ್ರಮಸಂಖ್ಯೆ ಇಪ್ಪತ್ತಾರು

ನನ್ನ ಬಾಯಿ ಜೋರು. ಇದು ನಾನು ಹೇಳಿಕೊಳ್ಳುವ ಮಾತಲ್ಲ, ಮೂವತ್ತೊಂದು ವರ್ಷ ನನ್ನ ಜೊತೆ ಸ್ಟಾಫ್ ರೂಮಿನಲ್ಲಿ ಕೂತವರೆಲ್ಲ ಹೇಳುತ್ತಿದ್ದ ಮಾತು. ಬಸವನಗುಡಿ ಕಡೆಯ ಒಂದು ಅನುದಾನಿತ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದೆ. ಫ್ಯಾನು ತಿರುಗದಿದ್ದರೆ ನಾನೇ ಕೂಗಾಡಬೇಕು, ಪರೀಕ್ಷೆಯ ಕೆಲಸ ಹಂಚುವಾಗ ಅನ್ಯಾಯವಾದರೆ ಪ್ರಿನ್ಸಿಪಾಲರ ಕೋಣೆಗೆ ನನ್ನನ್ನೇ ಮುಂದೆ ತಳ್ಳಬೇಕು. "ಮೇಡಂ ಇದಾರಲ್ಲ ಬಿಡ್ರಿ" ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ನಾನು ಭಾರೀ ಧೈರ್ಯವಂತೆ ಎಂಬ ನಂಬಿಕೆ ಬಂದುಬಿಟ್ಟಿತ್ತು. ನಿವೃತ್ತಿಯಾಗಿ ಎರಡು ವರ್ಷವಾಯಿತು. ಆ ನಂಬಿಕೆ ಹೇಗೆ ಮಣ್ಣುಪಾಲಾಯಿತು, ಅದರಿಂದ ನನಗಲ್ಲ, ಇನ್ನೊಬ್ಬಳಿಗೆ ಏನಾಯಿತು ಎಂಬುದನ್ನು ಈಗ ಬರೆಯುತ್ತಿದ್ದೇನೆ.

ಎಲ್ಲ ಶುರುವಾದದ್ದು ಒಂದು ಪ್ರಶ್ನೆಪತ್ರಿಕೆಯಿಂದ. ನಮ್ಮಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಮೆತ್ತಗಿನ ಮನುಷ್ಯ, ಕಾಫಿ ತಣ್ಣಗಿದ್ದರೂ ಕ್ಯಾಂಟೀನಿನವನಿಗೆ ಒಂದು ಮಾತು ಹೇಳದವರು. ಆ ಸಲದ ಕಿರುಪರೀಕ್ಷೆಗೆ ಅವರು, "ಪ್ರಭುತ್ವವನ್ನು ಪ್ರಶ್ನಿಸುವುದು ಪ್ರಜೆಯ ಹಕ್ಕೇ? ಚರ್ಚಿಸಿ" ಎಂಬ ಪ್ರಶ್ನೆ ಹಾಕಿದ್ದರು. ಅವರೇನು ಕ್ರಾಂತಿ ಮಾಡಲು ಹೊರಟವರಲ್ಲ. ಅದು ಹಳೆಯ ಪ್ರಶ್ನೆ, ಎಷ್ಟೋ ವರ್ಷಗಳಿಂದ ಅದನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಿದ್ದರು. ನಿಜ ಹೇಳಬೇಕೆಂದರೆ ಆತ ಸೋಮಾರಿ. ಅದರ ಫೋಟೋ ಯಾರದೋ ಮೊಬೈಲಿನಿಂದ ಆ ಭಾಗದ ರಾಜಕೀಯ ಮುಖಂಡರೊಬ್ಬರ ಹುಡುಗರಿಗೆ ಹೋಯಿತು. ಮಾರನೆಯ ದಿನ ಹತ್ತು ಹನ್ನೆರಡು ಜನ ಬಂದರು. ಅವರಲ್ಲಿ ಒಬ್ಬರೂ ನಮ್ಮ ವಿದ್ಯಾರ್ಥಿಗಳಲ್ಲ.

ಕ್ಷಮಾಪಣೆಯ ಹಾಳೆಯನ್ನು ಅವರೇ ಟೈಪು ಮಾಡಿಸಿಕೊಂಡು ತಂದಿದ್ದರು. ಧ್ವಜಸ್ತಂಭದ ಹತ್ತಿರ ಮೇಷ್ಟ್ರನ್ನು ನಿಲ್ಲಿಸಿ ಓದಿಸಿದರು. "ಕೇಳಿಸ್ಲಿಲ್ಲ ಸಾರ್, ಜೋರಾಗಿ" ಎಂದರು. ಮತ್ತೆ ಓದಿಸಿದರು. ಮೂರು ಮಹಡಿಯ ವರಾಂಡಗಳ ತುಂಬ ಮಕ್ಕಳು ನಿಂತು ಮೊಬೈಲು ಹಿಡಿದಿದ್ದರು. ಪ್ರಿನ್ಸಿಪಾಲರು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ನಾವೆಲ್ಲ ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆವು. ಮೇಷ್ಟ್ರು ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತು, ಊಟದ ಡಬ್ಬಿ ತೆಗೆದು, ತಿನ್ನದೆ ಮುಚ್ಚಿಟ್ಟರು. ಥೂ, ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಅದಾದ ವಾರಕ್ಕೆ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಎಲ್ಲ ಪ್ರಶ್ನೆಪತ್ರಿಕೆ, ಎಲ್ಲ ಅತಿಥಿ ಭಾಷಣಕಾರರ ಹೆಸರು ಮೊದಲು 'ಸಲಹೆಗಾರ'ರಿಗೆ ತೋರಿಸಬೇಕು. ಸಲಹೆಗಾರರೆಂದರೆ ಆ ಮುಖಂಡರ ಕಡೆಯ ಮನುಷ್ಯ. ಆಡಳಿತ ಮಂಡಳಿಯವರ ಕೋಣೆಯಲ್ಲೇ ಅವರಿಗೊಂದು ಮೇಜು ಹಾಕಿಕೊಟ್ಟಿದ್ದರು. ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ ಕೇಳಿದರೆ, "ಮೇಲಿಂದ ಹೇಳಿದಾರೆ, ಅಡ್ಜಸ್ಟ್ ಮಾಡ್ಕೊಳಿ" ಎಂದರು.

ಆ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈಯೆಲ್ಲ ಬಿಸಿ. ಕುಲಪತಿಗಳಿಗೂ ನಾಡಿನ ನಾಗರಿಕರಿಗೂ ಒಂದು ಬಹಿರಂಗ ಪತ್ರ ಬರೆಯೋಣ, ಎಲ್ಲರೂ ಸಹಿ ಹಾಕೋಣ ಎಂದು ತೀರ್ಮಾನವಾಯಿತು. ಬರೆಯುವವರು ಯಾರು? ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ನಾನೂ ಬೇಡ ಅನ್ನಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಭಾನುವಾರವೆಲ್ಲ ಕೂತು ಎರಡು ಪುಟ ಬರೆದೆ. "ಪ್ರಶ್ನೆಪತ್ರಿಕೆಯನ್ನು ಬೀದಿಯಲ್ಲಿ ನಿಂತವರು ತಿದ್ದುವುದಾದರೆ ತರಗತಿಯ ಬಾಗಿಲು ಹಾಕಿಬಿಡುವುದೇ ಮರ್ಯಾದೆ" ಎಂಬ ವಾಕ್ಯ ಬರೆದಾಗ ನನಗೇ ನನ್ನ ಮೇಲೆ ಪ್ರೀತಿ ಬಂತು. ಯಜಮಾನರಿಗೆ ಎರಡು ಸಲ ಓದಿ ಹೇಳಿದೆ.

ಕಾಲೇಜಿನ ಪ್ರಿಂಟರಿನಲ್ಲಿ ತೆಗೆಯುವ ಹಾಗಿರಲಿಲ್ಲ. ನಗರ್ತಪೇಟೆಯಲ್ಲಿ ಮದುವೆ ಕಾರ್ಡು ಮಾಡುವ ಒಂದು ಸಣ್ಣ ಅಂಗಡಿಗೆ ಹೋದೆ, ಅಲ್ಲಾದರೆ ಗುರುತಿನವರು ಸಿಕ್ಕುವುದಿಲ್ಲ ಎಂದು. "ಮಗಳ ಮದ್ವೇನಾ ಮೇಡಂ?" ಎಂದು ಆತ ಕೇಳಿದ. "ಅಲ್ಲಪ್ಪ, ಜಗಳ" ಎಂದೆ. ಆತ ನಕ್ಕು ಟೈಪು ಮಾಡಿಕೊಟ್ಟ. ಅಲ್ಲೇ ನಾನು ಆ ತಪ್ಪು ಮಾಡಿದ್ದು. ಪತ್ರದ ಕೊನೆಗೆ ಸಹಿಗೆಂದು ಒಂದು ಹಾಳೆ ಬೇಕಿತ್ತಲ್ಲ, ಅದಕ್ಕೆ ನಮ್ಮ ಹಾಜರಿ ಪುಸ್ತಕದ ನಮೂನೆಯನ್ನೇ ಕೊಟ್ಟುಬಿಟ್ಟೆ. ಕ್ರಮಸಂಖ್ಯೆ, ಹೆಸರು, ಹುದ್ದೆ, ಸಹಿ. ಒಂದರಿಂದ ಇಪ್ಪತ್ತಾರರವರೆಗೆ, ಸೇವಾ ಹಿರಿತನದ ಪ್ರಕಾರ, ಎಲ್ಲರ ಹೆಸರೂ ಅಚ್ಚಾಗಿ ಬಂತು.

ಬೇರೆಯವರಿಗೆ ಇದು ವಿಚಿತ್ರ ಎನ್ನಿಸಬಹುದು. ನಮಗೆ ಬೇರೆ ರೀತಿಯೇ ಗೊತ್ತಿರಲಿಲ್ಲ. ದೊಡ್ಡ ದೊಡ್ಡ ವಿಶ್ವವಿದ್ಯಾಲಯದವರ ಬಹಿರಂಗ ಪತ್ರಗಳನ್ನು ನಾನು ಮೊಬೈಲಿನಲ್ಲಿ ಓದಿದ್ದೆ, ಅವರು ಅಕಾರಾದಿಯಾಗಿ ಹೆಸರು ಹಾಕುತ್ತಾರೆ. ನಮ್ಮಲ್ಲಿ ಸಂಬಳದ ಪಟ್ಟಿಯಿಂದ ಹಿಡಿದು ಟೀ ಲೋಟದವರೆಗೆ ಎಲ್ಲವೂ ಹಿರಿತನದ ಮೇಲೆ. ಹಿರಿಯರ ಸಹಿಗಿಂತ ಮೊದಲು ಕಿರಿಯರು ಹಾಕಿದರೆ ಅದು ಉದ್ಧಟತನ. ಒಂದು ಸಲ ನಿವೃತ್ತ ಗ್ರಂಥಪಾಲಕರೊಬ್ಬರು ತೀರಿಕೊಂಡಾಗ ಸಂತಾಪ ಸೂಚಕ ಪತ್ರಕ್ಕೆ ಮೊದಲ ಸಹಿ ಹಾಕಬೇಕಾದವರು ರಜೆಯಲ್ಲಿದ್ದರು. ಅವರು ಬರುವ ತನಕ ಕಾದು, ಪತ್ರ ಆ ಮನೆಗೆ ತಲುಪುವ ಹೊತ್ತಿಗೆ ತೀರಿಕೊಂಡವರ ಮಾಸಿಕದ ತಿಥಿಯೂ ಮುಗಿದಿತ್ತು. ಆಗ ನಾವೆಲ್ಲ ನಕ್ಕಿದ್ದೆವು, ಆದರೆ ಪದ್ಧತಿ ಬದಲಾಗಲಿಲ್ಲ.

ನನ್ನ ಕ್ರಮಸಂಖ್ಯೆ ನಾಲ್ಕು. ಪತ್ರವನ್ನು ಎಲ್ಲರೂ ಓದಿದರು. "ಸೂಪರ್ ಮೇಡಂ, ಚೆನ್ನಾಗಿ ಝಾಡಿಸಿದೀರಿ" ಎಂದರು. ಮೊದಲನೆಯವರಾದ ವೈಸ್ ಪ್ರಿನ್ಸಿಪಾಲರು, "ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ, ನಾಳೆ ಹಾಕ್ತೀನಿ" ಎಂದರು. ಎರಡನೆಯವರು ಮಗಳ ನಿಶ್ಚಿತಾರ್ಥಕ್ಕೆ ರಜೆ ಹಾಕಿದ್ದರು. ಮೂರನೆಯವರು, "ಮೇಲೆ ಎರಡು ಖಾಲಿ ಇರೋವಾಗ ನಾನ್ ಹಾಕಿದ್ರೆ ಏನನ್ಕೊಳ್ತಾರೆ ಮೇಡಂ?" ಎಂದರು. ಅದು ನನಗೂ ಸರಿ ಎನ್ನಿಸಿತು. ಮೂರು ಖಾಲಿ ಇರುವಾಗ ನಾಲ್ಕನೆಯವಳು ನಾನು ಹೇಗೆ ಹಾಕಲಿ?

ಇಪ್ಪತ್ತಾರನೆಯವಳು ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ. ನನ್ನ ಶಿಷ್ಯೆಯೇ. ಶ್ರೀರಾಂಪುರದ ಹುಡುಗಿ, ಅಪ್ಪ ರೈಲ್ವೇಯಲ್ಲಿ ಹಳಿ ಕೆಲಸ ಮಾಡಿ ನಿವೃತ್ತರಾದವರು, ಮನೆತನದಲ್ಲಿ ಡಾಕ್ಟರೇಟ್ ಮಾಡಿದ ಮೊದಲನೆಯವಳು. ಎಂಟು ವರ್ಷದಿಂದ ನಮ್ಮಲ್ಲಿ ಪಾಠ ಮಾಡುತ್ತಿದ್ದರೂ ಪ್ರತಿ ವರ್ಷವೂ ಹೊಸದಾಗಿ ನೇಮಕದ ಆದೇಶ ಬರಬೇಕು. ಆ ವರ್ಷ ಅವಳ ಆದೇಶ ತಡವಾಗಿ ಬಂದದ್ದರಿಂದ ಪಟ್ಟಿಯ ಕಟ್ಟಕಡೆಗೆ ಬಿದ್ದಿದ್ದಳು. ವಾರದಲ್ಲಿ ಎರಡು ದಿನ ಮಲ್ಲೇಶ್ವರದ ಇನ್ನೊಂದು ಕಾಲೇಜಿನಲ್ಲೂ ಪಾಠ ಮಾಡಿ ಜೀವನ ಸಾಗಿಸುತ್ತಿದ್ದಳು. ನನ್ನ ಹತ್ತಿರ ಸಲಿಗೆ. ಮೂವತ್ತನಾಲ್ಕು ವರ್ಷದವಳನ್ನು ನಾನು "ಏ ಹುಡುಗಿ" ಎಂದೇ ಕರೆಯುತ್ತಿದ್ದೆ.

"ನಾಳೆ ನಾಡಿದ್ದು ನಾನು ಮಲ್ಲೇಶ್ವರದಲ್ಲಿರ್ತೀನಿ ಮೇಡಂ, ಈಗ್ಲೇ ಹಾಕ್ಬಿಡ್ಲಾ?" ಎಂದು ಕೇಳಿದಳು.

"ಹಾಕಮ್ಮ ತಾಯಿ. ನಾವೆಲ್ಲ ಮೇಲೆ ಹಾಕ್ತೀವಿ, ನೀನು ಕೆಳಗಡೆ ಹಾಯಾಗಿರು."

"ಲಾಸ್ಟ್ ಬೆಂಚ್ ಅಂದ್ರೆ ನಂಗ್ ಯಾವಾಗ್ಲೂ ಇಷ್ಟ ಮೇಡಂ" ಎಂದು ನಗುತ್ತ ಸಹಿ ಹಾಕಿ, ಬಸ್ಸು ಹಿಡಿಯಲು ಓಡಿದಳು.

ವೈಸ್ ಪ್ರಿನ್ಸಿಪಾಲರು ಬೆಳಿಗ್ಗೆ ಬಂದ ತಕ್ಷಣ ಹಾಕಲಿ ಎಂದು ನಾನು ಪತ್ರದ ಜೊತೆ ಆ ಹಾಳೆಯನ್ನು ಹಾಜರಿ ಪುಸ್ತಕದೊಳಗೆ ಇಟ್ಟೆ. ಅವರು ಮಾರನೆಯ ದಿನ ಹಾಕಲಿಲ್ಲ. ಅದರ ಮಾರನೆಯ ದಿನವೂ ಹಾಕಲಿಲ್ಲ. ನಾನು ಜ್ಞಾಪಿಸಿದರೆ "ಆಯ್ತಾಯ್ತು" ಎನ್ನುತ್ತಿದ್ದರು. ಸೋಮವಾರ ಬೆಳಿಗ್ಗೆ ನಾನು ತರಗತಿಯಲ್ಲಿರುವಾಗಲೇ ಮಕ್ಕಳ ಮೊಬೈಲುಗಳು ಗುಂಯ್ ಗುಂಯ್ ಎನ್ನತೊಡಗಿದವು. ಯಾರೋ ಪತ್ರದ್ದೂ ಸಹಿಯ ಹಾಳೆಯದ್ದೂ ಫೋಟೋ ತೆಗೆದಿದ್ದರು. ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಹಾಳೆಯ ಫೋಟೋದಲ್ಲಿ ಇಪ್ಪತ್ತೈದು ಖಾಲಿ ಚೌಕಗಳು, ಕಟ್ಟಕಡೆಯಲ್ಲಿ ಒಂದೇ ಒಂದು ಸಹಿ. ಅದರ ಕೆಳಗೆ, ಇಪ್ಪತ್ತೈದು ಗುರುಗಳ ಹೆಸರು ಕದ್ದು ಒಬ್ಬಳು ಆಡಿದ ನಾಟಕ ನೋಡಿ, ಎಂದು ಬರೆದಿತ್ತು.

ಹಾಗೂ ಓದಬಹುದಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಣ್ಣಿಗೆ ಅದು ಹಿರಿಯರಿಗಾಗಿ ಬಿಟ್ಟ ಜಾಗ. ಹೊರಗಿನವರ ಕಣ್ಣಿಗೆ ಅದು ಕಳ್ಳತನ.

ಮಧ್ಯಾಹ್ನಕ್ಕೇ ಸಭೆ ಕರೆದರು. ಅವಳಿಗೆ ಅಂದು ತರಗತಿ ಇರಲಿಲ್ಲ, ಬಂದಿರಲಿಲ್ಲ. ಸಲಹೆಗಾರರು ಪ್ರಿನ್ಸಿಪಾಲರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಒಂದು ಹಾಳೆ ಸಿದ್ಧವಾಗಿತ್ತು. ಆ ಪತ್ರಕ್ಕೂ ನಮಗೂ ಯಾವ ಸಂಬಂಧವೂ ಇಲ್ಲ, ನಮ್ಮ ಹೆಸರುಗಳನ್ನು ನಮ್ಮ ಗಮನಕ್ಕೆ ತಾರದೆ ಬಳಸಲಾಗಿದೆ, ಎಂದು ಅದರಲ್ಲಿತ್ತು. ವೈಸ್ ಪ್ರಿನ್ಸಿಪಾಲರ ಕನ್ನಡಕ ಅಂದು ಜೇಬಿನಲ್ಲೇ ಇತ್ತು. ಒಂದು, ಎರಡು, ಮೂರು, ಹಾಳೆ ಸರಸರನೆ ನನ್ನ ಮುಂದೆ ಬಂತು. ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ನಿಮಿಷವೂ ಆಗಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು, ನನ್ನ ಸೇವಾ ಕಡತ ಅದೇ ಕೋಣೆಯ ಬೀರುವಿನಲ್ಲಿತ್ತು, ಮತ್ತು ಮೇಲಿನ ಮೂವರೂ ಹಾಕಿಯಾಗಿತ್ತು. ಹಾಕಿದೆ. ಧ್ವಜಸ್ತಂಭದ ಕೆಳಗೆ ನಿಂತು ಕ್ಷಮೆ ಕೇಳಿದ್ದ ಮೇಷ್ಟ್ರೂ ತಲೆ ಎತ್ತದೆ ಹಾಕಿದರು. ಇಪ್ಪತ್ತೈದು ಸಹಿ ಹತ್ತು ನಿಮಿಷದಲ್ಲಿ ಮುಗಿಯಿತು.

ಅವಳು ಸಂಜೆ ಫೋನು ಮಾಡಿದಳು. "ಮೇಡಂ, ಏನಿದೆಲ್ಲ? ನಾನೇನ್ ಮಾಡ್ಲಿ?"

"ನೀನು ಯಾರ ಹತ್ರಾನೂ ಏನೂ ಮಾತಾಡ್ಬೇಡ. ನಾಲ್ಕು ದಿನ ಸುಮ್ನಿರು. ನಾನು ಮಾತಾಡ್ತೀನಿ."

"ಸರಿ ಮೇಡಂ. ನೀವಿದೀರಲ್ಲ" ಎಂದಳು.

ನಾನು ಮಾತಾಡಲಿಲ್ಲ. ಸಲಹೆಗಾರರ ಕೋಣೆಯ ಬಾಗಿಲ ತನಕ ಎರಡು ಸಲ ಹೋದೆ. ಒಮ್ಮೆ ಒಳಗೆ ಜನ ಇದ್ದರು, ಇನ್ನೊಮ್ಮೆ ಅವರೊಬ್ಬರೇ ಇದ್ದರು. ಎರಡು ಸಲವೂ ವಾಪಸು ಬಂದೆ.

ಈ ನಡುವೆ ಇನ್ನೊಂದಾಯಿತು. ಎಲ್ಲೆಲ್ಲಿನದೋ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು, ಬರಹಗಾರರು ಸೇರಿ ಅವಳ ಪರವಾಗಿ ಒಂದು ಬಹಿರಂಗ ಪತ್ರ ಹೊರಡಿಸಿದರು. ಹೆಸರುಗಳ ಉದ್ದ ಪಟ್ಟಿ ಇತ್ತು. ಹಿರಿಯರೆಲ್ಲ ಬಾಯಿ ಮುಚ್ಚಿಕೊಂಡಿರುವಾಗ ಏಕಾಂಗಿಯಾಗಿ ಇಂಥ ಪತ್ರ ಬರೆದ ಈ ತರುಣಿಗೆ ನಮ್ಮ ನಮನ, ಎಂದು ಅದರಲ್ಲಿತ್ತು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ನನ್ನ ವಾಕ್ಯಗಳನ್ನು ಎತ್ತಿ ಎತ್ತಿ ಹೊಗಳಿದ್ದರು. ಪತ್ರ ಬರೆದವಳು ಅವಳೇ ಎಂಬುದು ಆ ಹೊಗಳಿಕೆಯಿಂದ ಗಟ್ಟಿಯಾಗಿ ಹೋಯಿತು. ನನಗೆ, ಅಯ್ಯೋ ನನ್ನ ವಾಕ್ಯ ಅದು, ಎಂದು ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು. ಇಂಥ ಹೆಂಗಸು ನಾನು.

ವಿಚಾರಣಾ ಸಮಿತಿ ಮಾಡಿದರು. ವೈಸ್ ಪ್ರಿನ್ಸಿಪಾಲರು, ಸಲಹೆಗಾರರು, ಮಹಿಳಾ ಸದಸ್ಯೆಯಾಗಿ ನಾನು. ಬೇಡ ಎಂದೆ. "ನಿಮ್ಮ ಡಿಪಾರ್ಟ್‌ಮೆಂಟಿನ ಹುಡುಗಿ, ನೀವೇ ಇರ್ಬೇಕು. ಬೇಡ ಅನ್ನೋಕೆ ಏನಾದ್ರೂ ಕಾರಣ ಇದ್ಯಾ?" ಎಂದು ಸಲಹೆಗಾರರು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಅವರಿಗೆ ಗೊತ್ತಿತ್ತೋ ಏನೋ. "ಏನಿಲ್ಲ" ಎಂದೆ. ಬರವಣಿಗೆ ಚೆನ್ನಾಗಿದೆ ಎಂದು ನಡಾವಳಿ ಬರೆಯುವ ಕೆಲಸವನ್ನೂ ನನಗೇ ವಹಿಸಿದರು.

ಅವಳು ಬಂದು ಎದುರಿಗೆ ಕೂತಳು. ಒಬ್ಬಳೇ ಬಂದಿದ್ದಳು. ನನ್ನನ್ನು ಅಲ್ಲಿ ಕಂಡು ಅವಳ ಮುಖ ಒಂದಿಷ್ಟು ಹಗುರಾಯಿತು. ಅದನ್ನು ನಾನು ನೋಡಿದೆ.

ಸಲಹೆಗಾರರು ಪ್ರಾಧ್ಯಾಪಕರ ಆ ನಮನದ ಪತ್ರವನ್ನು ಓದಿ, "ನೀವೇ ಬರ್ದಿದ್ದು ಅಂತ ಇಷ್ಟು ಜನ ದೊಡ್ಡೋರು ಹೇಳ್ತಿದಾರೆ. ಹೌದೋ ಅಲ್ವೋ?" ಎಂದರು.

ಅವಳು ನನ್ನ ಕಡೆ ತಿರುಗಿದಳು. "ಮೇಡಂ ಹೇಳ್ಲಿ" ಎಂದಳು.

ಕೋಣೆಯಲ್ಲಿ ಎಲ್ಲರೂ ನನ್ನನ್ನು ನೋಡಿದರು. ಬರೆದದ್ದು ನಾನು ಎಂದರೆ ಮುಗಿಯುತ್ತಿತ್ತು. ಎರಡು ಸೆಕೆಂಡಿನ ಮಾತು. ಸ್ಟಾಫ್ ರೂಮಿನಲ್ಲಿ ಫ್ಯಾನಿಗಾಗಿ, ಕುರ್ಚಿಗಾಗಿ ಕೂಗಾಡಿದ ನನ್ನ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು.

"ಪ್ರಶ್ನೆ ಕೇಳಿರೋದು ನಿಮಗೆ" ಎಂದೆ. ಅದೇ ಮೊದಲ ಸಲ ನಾನು ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು.

ಅವಳು ಅಳಲಿಲ್ಲ, ಬೈಯಲಿಲ್ಲ. "ಹಾಗಾದ್ರೆ ಬರ್ಕೊಳಿ ಮೇಡಂ. ನಾನೇ ಬರ್ದೆ" ಎಂದಳು. ನಾನು ಬರೆದುಕೊಂಡೆ. ಸದರಿ ಪತ್ರವನ್ನು ತಾವೇ ರಚಿಸಿರುವುದಾಗಿ ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾರೆ, ಎಂದು ಸ್ಪಷ್ಟವಾದ ಅಕ್ಷರದಲ್ಲಿ ಬರೆದೆ. ಅವಳು ಸಹಿ ಹಾಕಿ ಎದ್ದು ಹೋದಳು. ವಾರದೊಳಗೆ ಆದೇಶ ಹೊರಟಿತು. ನಮ್ಮ ಕಾಲೇಜಿನ ಕೆಲಸ ಹೋಯಿತು. ಸಹೋದ್ಯೋಗಿಗಳ ಹೆಸರು ದುರುಪಯೋಗ ಎಂಬ ಮಾತು ಆದೇಶದಲ್ಲಿದ್ದ ಕಾರಣ ಮಲ್ಲೇಶ್ವರದವರೂ ಬರಬೇಡಿ ಎಂದರು. ಎಂಟು ವರ್ಷದ ಅನುಭವ ಪತ್ರವನ್ನೂ ಯಾರೂ ಕೊಡಲಿಲ್ಲ.

ಇಷ್ಟಾದ ಮೇಲೂ ನನಗೊಂದು ಅವಕಾಶ ಸಿಕ್ಕಿತ್ತು. ಅದನ್ನು ಬರೆಯುವುದೇ ಕಷ್ಟ.

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳ ಅಪ್ಪ ನಮ್ಮ ಮನೆಗೆ ಬಂದರು. ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆವರಿದ್ದರು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟಿದ್ದರು. ಕೂರಿ ಎಂದರೆ ಕುರ್ಚಿಯ ತುದಿಯಲ್ಲಿ ಕೂತರು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಜೇಬಿನಿಂದ ಆದೇಶದ ಪ್ರತಿ ತೆಗೆದರು.

"ಮೇಡಂ, ನಾನು ಜಾಸ್ತಿ ಓದಿದೋನಲ್ಲ. ಇದ್ರಲ್ಲಿ, ನಾನೇ ಬರ್ದೆ ಅಂತ ಒಪ್ಕೊಂಡಿದಾಳೆ ಅಂತಿದೆ. ಮನೇಲಿ ಕೇಳಿದ್ರೆ, ನಾನಲ್ಲಪ್ಪ ಅಂತಾಳೆ. ಯಾವ್ದು ನಿಜ?"

ನಾನು ತಣ್ಣಗಾಗುತ್ತಿದ್ದ ಕಾಫಿಯನ್ನು ಅವರ ಹತ್ತಿರಕ್ಕೆ ಸರಿಸಿದೆ.

"ಕೆಲಸ ಹೋಯ್ತು ಅಂತ ಕೇಳೋಕೆ ಬಂದಿಲ್ಲ ಮೇಡಂ. ಅದು ಹೋದ್ರೆ ಇನ್ನೊಂದು. ಬೇರೆಯೋರ ಹೆಸರು ಕದ್ದು ಬರ್ದ್ಲು ಅಂತ ನಮ್ಮ ಬೀದಿಯೋರೆಲ್ಲ ಮೊಬೈಲಲ್ಲಿ ನೋಡ್ತಿದಾರೆ. ನಮ್ಮ ಮಕ್ಕಳಿಗೆ ನಾವು ಹೇಳ್ಕೊಟ್ಟಿದ್ದು ಅದಲ್ಲ. ನೀವು ಅವಳ ಗುರುಗಳು. ನಿಮ್ಮ ಹೆಸರು ಹೇಳ್ದೆ ಅವಳು ಒಂದಿನ ಊಟ ಮಾಡಿಲ್ಲ. ನೀವು ಏನ್ ಹೇಳ್ತೀರೋ ಅದನ್ನ ನಂಬ್ತೀನಿ. ಬೇರೆ ಯಾರ ಹತ್ರಾನೂ ಹೋಗಲ್ಲ."

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಯಜಮಾನರು ತರಕಾರಿಗೆ ಹೋಗಿದ್ದರು. ಸಾಕ್ಷಿ ಇಲ್ಲ, ಕಡತ ಇಲ್ಲ, ಸಲಹೆಗಾರರಿಲ್ಲ. ಆದೇಶ ಹೊರಟಾಗಿತ್ತು, ನಾನು ಹೇಳಿದರೂ ಅದೇನು ಬದಲಾಗುತ್ತಿರಲಿಲ್ಲ. ಒಬ್ಬ ತಂದೆಗೆ ಅವನ ಮಗಳು ಕಳ್ಳಿಯಲ್ಲ ಎಂದು ಹೇಳಬೇಕಿತ್ತು, ಅಷ್ಟೇ. ಹೇಳಿದರೆ ಇವರು ಹೊರಗೆ ಹೋಗಿ ನಾಲ್ಕು ಜನರಿಗೆ ಹೇಳುತ್ತಾರೆ, ಅದು ಕಾಲೇಜಿಗೆ ಮುಟ್ಟುತ್ತದೆ, ನನ್ನ ಪಿಂಚಣಿ ಕಾಗದ ಅಲ್ಲೇ ಕೂರುತ್ತದೆ, ಎಂದೆಲ್ಲ ತಲೆ ಓಡಿತು. ಎದುರಿಗೆ ಕೂತವರು ನಮ್ಮ ನೆಂಟರೋ, ನಮ್ಮ ಬೀದಿಯ ಮೇಷ್ಟ್ರ ಮನೆಯವರೋ ಆಗಿದ್ದರೆ ಹೇಳುತ್ತಿದ್ದೆನೇ? ಈ ಪ್ರಶ್ನೆಯನ್ನು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತು.

"ಫೈಲಲ್ಲಿ ಏನಿದೆಯೋ ಅದೇ. ನಾನು ಬೇರೆ ಏನೂ ಹೇಳೋ ಹಾಗಿಲ್ಲ" ಎಂದೆ.

ಅವರು ಆದೇಶವನ್ನು ಮಡಚಿ ಜೇಬಿಗಿಟ್ಟುಕೊಂಡರು. ಕೈಮುಗಿದರು. "ಸರಿ ಮೇಡಂ. ತೊಂದ್ರೆ ಕೊಟ್ಟೆ" ಎಂದರು. ನಾನು ಕಿಟಕಿಯಿಂದ ನೋಡಿದೆ, ಬಸ್ ಸ್ಟಾಪಿನ ಕಡೆ ಹೋಗದೆ ಸುಮ್ಮನೆ ನೇರ ನಡೆದುಕೊಂಡು ಹೋದರು.

ನನ್ನ ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ಏಲಕ್ಕಿ ಪರಿಮಳದ ಹಾಲು ಕೊಟ್ಟರು. ಪಟ್ಟಿಯಲ್ಲಿ ನನಗಿಂತ ಮೇಲೆ ಮೂರನೆಯವರಾಗಿದ್ದವರು ಮಾತಾಡುತ್ತ, "ನಿರ್ಭಯವಾಗಿ ಮಾತಾಡೋರು ಅಂದ್ರೆ ನಮ್ಮ ಮೇಡಂ" ಎಂದರು. ಚಪ್ಪಾಳೆ ಬಿತ್ತು. ರಾಜ್ಯಶಾಸ್ತ್ರದ ಮೇಷ್ಟ್ರೊಬ್ಬರೇ ಚಪ್ಪಾಳೆ ತಟ್ಟಲಿಲ್ಲ, ಅವರು ಕಿಟಕಿಯ ಆಚೆ ನೋಡುತ್ತಿದ್ದರು.

ಪಿಂಚಣಿಯ ಆದೇಶ ಕೈಗೆ ಬರುವ ತನಕ ಕಾದೆ. ಇದನ್ನೂ ಮುಚ್ಚಿಡುವುದಿಲ್ಲ. ಅದು ಬಂದ ಮೇಲೆ ಒಂದು ಪತ್ರ ಬರೆದೆ, ಈ ಸಲ ಕೈಬರಹದಲ್ಲಿ. ಬಹಿರಂಗ ಪತ್ರವನ್ನು ರಚಿಸಿದವಳು ನಾನು, ಅಚ್ಚು ಮಾಡಿಸಿದವಳು ನಾನು, ಎಲ್ಲರ ಹೆಸರು ಹಾಕಿಸಿದವಳು ನಾನು, ನನ್ನ ಮಾತಿನ ಮೇಲೆ ಸಹಿ ಹಾಕಿದ್ದು ಬಿಟ್ಟರೆ ಈಕೆಯ ತಪ್ಪೇನೂ ಇಲ್ಲ, ಎಂದು ಬರೆದು ಸಹಿ ಮಾಡಿದೆ. ಅವಳ ಹಳೆಯ ನಂಬರಿಗೆ ಫೋನು ಹೋಗಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ, ಪತ್ರವನ್ನು ಚೀಲದಲ್ಲಿಟ್ಟುಕೊಂಡು ಶ್ರೀರಾಂಪುರಕ್ಕೆ ಹೋದೆ. ಅಷ್ಟು ವರ್ಷ ಅವಳು ನನ್ನ ಜೊತೆಗಿದ್ದರೂ ಅವಳ ಮನೆಗೆ ನಾನು ಹೋದದ್ದು ಅದೇ ಮೊದಲು. ಎರಡು ಕಡೆ ಕೇಳಿ ಹುಡುಕಿದೆ.

ಮೊದಲನೇ ಮಹಡಿಯ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವಳು ಘಟಿಕೋತ್ಸವದ ಗೌನು ಹಾಕಿಕೊಂಡು ನಿಂತ ಫೋಟೋ. ಆ ಮನೆಯ ಸೊಸೆ ಒಳಗೆ ಕುಕ್ಕರ್ ಇಟ್ಟಿದ್ದಳು, ಮೊಮ್ಮಗಳು ನೆಲದ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಅವಳ ಅಪ್ಪ ನನ್ನನ್ನು ಗುರುತು ಹಿಡಿದರು. ಎದ್ದು ನಿಂತು, ಕುರ್ಚಿಯನ್ನು ಟವೆಲ್ಲಿನಲ್ಲಿ ಒರೆಸಿ ಕೂರಿಸಿದರು.

"ಮಗಳಿಲ್ವಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಕಲಬುರಗಿ ಕಡೆ ಒಂದು ಶಾಲೇಲಿ ಇದಾಳಂತೆ. ಅವರಣ್ಣನ ಹತ್ರ ಆಗಾಗ ಮಾತಾಡ್ತಾಳೆ."

ನಾನು ಪತ್ರ ತೆಗೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದರು. ಬಹಳ ಹೊತ್ತು ಹಿಡಿಯಿತು. ಅವರು ಬೈಯಲಿ, ಕೂಗಾಡಲಿ, ಮೆಟ್ಟಿಲಿಳಿಸಿ ಅಟ್ಟಲಿ ಎಂದು ನಾನು ಕಾಯುತ್ತಿದ್ದೆ. ಮುಗಿಸಿ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡರು.

"ಅವತ್ತು ನಿಮ್ಮ ಮನೆಯಿಂದ ಬಂದ್ನಲ್ಲ ಮೇಡಂ" ಎಂದು ಶುರು ಮಾಡಿದರು. ಧ್ವನಿ ಸಣ್ಣದಾಗಿತ್ತು, ಮೊಮ್ಮಗಳಿಗೆ ಕೇಳಿಸಬಾರದೆಂದೋ ಏನೋ. "ಬಂದು ಕೇಳ್ದೆ. ಮೇಡಂ ಬರ್ದಿದ್ದಪ್ಪ ಅಂದ್ಲು. ನಾನು ಅವರ ಮನೆಗೇ ಹೋಗಿ ಕೇಳ್ಕೊಂಡು ಬಂದಿದೀನಿ, ನನ್ನ ಹತ್ರಾನೂ ಸುಳ್ಳು ಹೇಳ್ತೀಯಾ ಅಂದೆ. ಸುಳ್ಳಲ್ಲಪ್ಪ ಅಂದ್ಲು. ಹೊಡ್ದುಬಿಟ್ಟೆ. ಚಿಕ್ಕೋಳಿದ್ದಾಗ್ಲೂ ಹೊಡ್ದೋನಲ್ಲ. ಮೂವತ್ನಾಲ್ಕು ವರ್ಷದ ಮಗಳು. ಅವಳಮ್ಮನ ಮುಂದೆ, ಅತ್ತಿಗೆ ಮುಂದೆ. ಅವತ್ತೇ ಬಟ್ಟೆ ತುಂಬ್ಕೊಂಡು ಹೋದ್ಲು. ನನ್ನ ಹತ್ರ ಮಾತಾಡಿಲ್ಲ."

ಏನು ಹೇಳಿದೆನೋ ನೆನಪಿಲ್ಲ, ತಪ್ಪಾಯಿತು ಎಂದಿರಬೇಕು. ಸೊಸೆ ನೀರು ತಂದಿಟ್ಟು ಒಳಗೆ ಹೋದಳು.

"ಇದನ್ನ ಅವಳಿಗೆ ಕಳಿಸ್ತೀನಿ, ವಿಳಾಸ ಕೊಡಿ" ಎಂದೆ.

ಅವರು ಪತ್ರವನ್ನು ನನಗೆ ವಾಪಸು ಕೊಡಲಿಲ್ಲ. ಮೊದಲಿನ ಮಡಿಕೆಯಲ್ಲೇ ನಿಧಾನವಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

"ಅವಳಿಗ್ಯಾಕೆ ಮೇಡಂ? ನೀವು ಬರ್ದಿದ್ದು ಅಂತ ಅವಳಿಗೆ ಗೊತ್ತಲ್ಲ. ಗೊತ್ತಿಲ್ದೆ ಇದ್ದೋನು ನಾನೊಬ್ನೇ."